ಸುಚಾನಿನ ಮಕ್ಕಳು: ಕನೆವ್ಸ್ಕಿಯ ‘ಜಮ್ರಿ, ಉಮ್ರಿ, ವಸ್ಕ್ರೆಸ್ನಿ’

ರಷ್ಯಾದ ಮಕ್ಕಳು ಆಡುವ ಒಂದು ಆಟವಿದೆ. ಒಬ್ಬ ಕೂಗಿದ ಕೂಡಲೇ ಉಳಿದವರೆಲ್ಲ ಇದ್ದಲ್ಲೇ ಕಲ್ಲಾಗಬೇಕು. ಇನ್ನೊಂದು ಕೂಗಿಗೆ ಸಾಯಬೇಕು, ಮತ್ತೊಂದಕ್ಕೆ ಜೀವ ಬಂದು ಏಳಬೇಕು. ನಮ್ಮ ಬೀದಿಗಳ ‘ಲಾಕ್ ಅಂಡ್ ಕೀ’ ಆಟದ ದೂರದ ಸಂಬಂಧಿ ಅನ್ನಬಹುದು. ವಿತಾಲಿ ಕನೆವ್ಸ್ಕಿ ತನ್ನ ಚಿತ್ರಕ್ಕೆ ಈ ಆಟದ ಕೂಗನ್ನೇ ಹೆಸರಾಗಿಟ್ಟ: ‘ಜಮ್ರಿ, ಉಮ್ರಿ, ವಸ್ಕ್ರೆಸ್ನಿ!’ ಅಂದರೆ, ಅಲುಗಬೇಡ, ಸಾಯಿ, ಮತ್ತೆ ಎದ್ದು ಬಾ. ಆಟದಲ್ಲಿ ಮೂರನೆಯ ಕೂಗು ಖಂಡಿತ ಬರುತ್ತದೆ ಎಂಬ ಭರವಸೆಯಿಂದಲೇ ಮಕ್ಕಳು ಎರಡನೆಯ ಕೂಗಿಗೆ ನೆಲಕ್ಕೆ ಬೀಳುತ್ತಾರೆ. ಚಿತ್ರ ಮುಗಿಯುವ ಹೊತ್ತಿಗೆ ಒಬ್ಬಳು ಬಿದ್ದಿದ್ದಾಳೆ, ಮೂರನೆಯ ಕೂಗು ಕೇಳಿಸುವುದಿಲ್ಲ. ಅದನ್ನು ಕೂಗಬೇಕಾದವರು ಯಾರು ಎಂಬ ಪ್ರಶ್ನೆ ಈ ಚಿತ್ರವನ್ನು ನೋಡಿದಾಗಲೆಲ್ಲ ನನ್ನನ್ನು ಕಾಡುತ್ತದೆ.

ಚಿತ್ರ ತಯಾರಾದದ್ದು 1989ರಲ್ಲಿ, ಲೆನಿನ್‌ಗ್ರಾದಿನ ಲೆನ್‌ಫಿಲ್ಮ್ ಸ್ಟುಡಿಯೋದಲ್ಲಿ. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಪ್ರಶಸ್ತಿ ಇದಕ್ಕೆ ಬಂತು. ಪ್ರಶಸ್ತಿ ಪಡೆದ ‘ಹೊಸಬ’ನಿಗೆ ಆಗಲೇ ಐವತ್ತು ದಾಟಿತ್ತು. ಕನೆವ್ಸ್ಕಿ ಹುಟ್ಟಿದ್ದು 1935ರಲ್ಲಿ, ಸೋವಿಯತ್ ದೇಶದ ಪೂರ್ವದ ಕಟ್ಟಕಡೆಯಲ್ಲಿರುವ ಸುಚಾನ್ ಎಂಬ ಕಲ್ಲಿದ್ದಲಿನ ಊರಿನಲ್ಲಿ. ಮಾಸ್ಕೋದ ಚಲನಚಿತ್ರ ಶಾಲೆಗೆ ಸೇರಿದ್ದರೂ ಓದು ನಡುವೆಯೇ ಕಡಿದುಹೋಯಿತು. ಎಂಟು ವರ್ಷ ಜೈಲಿನಲ್ಲಿ ಕಳೆಯಬೇಕಾಯಿತು. ಹೊರಗೆ ಬಂದ ಮೇಲೂ ಸ್ವಂತದ್ದೊಂದು ದೊಡ್ಡ ಚಿತ್ರ ಕೈಗೂಡಲು ಬಹಳ ಕಾಲ ಹಿಡಿಯಿತು. ಕೊನೆಗೆ ಬೆನ್ನಿಗೆ ನಿಂತವನು ಅಲೆಕ್ಸೇಯ್ ಗೆರ್ಮಾನ್. ‘ನನ್ನ ಗೆಳೆಯ ಇವಾನ್ ಲಾಪ್ಶಿನ್’ ಚಿತ್ರದಲ್ಲಿ ಮೂವತ್ತರ ದಶಕದ ಒಂದು ಪ್ರಾಂತೀಯ ಊರಿನ ಇಕ್ಕಟ್ಟಾದ ಕೋಣೆಗಳನ್ನೂ ಅರ್ಧಂಬರ್ಧ ಕೇಳಿಸುವ ಮಾತುಗಳನ್ನೂ ಅವನು ತೆರೆಗೆ ತಂದಿದ್ದ. ಕನೆವ್ಸ್ಕಿಯ ಕತೆಯಲ್ಲಿರುವುದು ಬರಿಯ ಬಡತನದ ವರದಿಯಲ್ಲ ಎಂಬುದು ಅಂಥವನಿಗೆ ತಕ್ಷಣ ಕಂಡಿದ್ದರೆ ಆಶ್ಚರ್ಯವೇನಿಲ್ಲ.

ಕತೆ ನಡೆಯುವುದು ಯುದ್ಧ ಮುಗಿದ ಎರಡು ವರ್ಷಗಳ ಮೇಲೆ, ಅದೇ ಸುಚಾನಿನಲ್ಲಿ. ಈಗ ಆ ಊರಿಗೆ ಪಾರ್ತಿಜಾನ್ಸ್ಕ್ ಎಂದು ಹೆಸರು, 1972ರಲ್ಲಿ ಬದಲಾಯಿಸಿದರು. 1946–47 ಸೋವಿಯತ್ ಜನರಿಗೆ ಬರಗಾಲದ ವರ್ಷಗಳು. ಪಡಿತರ ಪದ್ಧತಿ ಹೋದದ್ದು 1947ರ ಡಿಸೆಂಬರಿನಲ್ಲಿ. ಯುದ್ಧ ಸುಮಾರು 2.7 ಕೋಟಿ ಜನರನ್ನು ಬಲಿ ತೆಗೆದುಕೊಂಡಿತ್ತು, ಅವರಲ್ಲಿ ಗಂಡಸರೇ ಹೆಚ್ಚು. ಹಾಗಾಗಿ ಈ ಚಿತ್ರದ ಮನೆಗಳಲ್ಲಿ ಅಪ್ಪಂದಿರು ಇಲ್ಲದಿರುವುದನ್ನು ಯಾರೂ ವಿವರಿಸುವುದಿಲ್ಲ, ವಿವರಿಸಬೇಕಾದ ಅಗತ್ಯವೂ ಇಲ್ಲ. ಅದೇ ಊರಿನಲ್ಲಿ ಜಪಾನಿ ಯುದ್ಧಕೈದಿಗಳಿದ್ದಾರೆ. 1945ರ ಆಗಸ್ಟಿನ ನಂತರ ಸೋವಿಯತ್ ದೇಶಕ್ಕೆ ಸಾಗಿಸಲ್ಪಟ್ಟ ಜಪಾನಿ ಸೈನಿಕರು ಆರು ಲಕ್ಷದಷ್ಟು ಎನ್ನುತ್ತಾರೆ. ಅವರ ಪಕ್ಕದಲ್ಲೇ ತಮ್ಮದೇ ದೇಶದ ಶಿಬಿರಗಳಿಗೆ ಬಿದ್ದ ಸೋವಿಯತ್ ಕೈದಿಗಳು. ಇವರನ್ನು ಕಾಯುವವರು, ಗಣಿಗೆ ಇಳಿಯುವವರು, ಮಾರುಕಟ್ಟೆಯಲ್ಲಿ ಏನಾದರೂ ಮಾರುವವರು ಎಲ್ಲರೂ ಒಂದೇ ಕೆಸರನ್ನು ತುಳಿಯುತ್ತಾರೆ. ಬೇಲಿಯ ಒಳಗಿನವರು ಯಾರು, ಹೊರಗಿನವರು ಯಾರು ಎಂದು ಗುರುತಿಸಲು ಒಂದು ಕ್ಷಣ ಬೇಕಾಗುತ್ತದೆ. ಈ ಗೊಂದಲವನ್ನು ಕನೆವ್ಸ್ಕಿ ಎಲ್ಲೂ ತಿಳಿಗೊಳಿಸುವುದಿಲ್ಲ. ಹಾಗೆ ಮಾಡದಿರುವುದೇ ಆ ಊರಿನ ಬಗ್ಗೆ ಅವನು ಹೇಳುವ ಮೊದಲ ಸತ್ಯ.

ಇಲ್ಲಿ ಬೆಳೆಯುತ್ತಿರುವ ಹುಡುಗ ವಲೇರ್ಕಾ. ಬ್ಯಾರಕ್ಕಿನಂಥ ವಠಾರದ ಒಂದು ಕೋಣೆಯಲ್ಲಿ ತಾಯಿಯ ಜೊತೆ ವಾಸ. ತಾಯಿಯ ಬಳಿಗೆ ಗಂಡಸರು ಬಂದು ಹೋಗುತ್ತಾರೆ. ಅದೇ ವಠಾರದ ಹುಡುಗಿ ಗಾಲಿಯಾ. ಇಬ್ಬರೂ ಮಾರುಕಟ್ಟೆಯಲ್ಲಿ ಬಿಸಿ ಚಹಾ ಮಾರುತ್ತಾರೆ. ಮೊದಲು ಮಾರಲು ನಿಂತವಳು ಅವಳು. ಇವನು ಅವಳನ್ನು ನೋಡಿ ಶುರು ಮಾಡಿ, ಅವಳ ಗಿರಾಕಿಗಳನ್ನೇ ಕಿತ್ತುಕೊಳ್ಳಲು ಅವಳ ಚಹಾದ ಬಗ್ಗೆ ಇಲ್ಲದ ಸುದ್ದಿ ಹಬ್ಬಿಸುತ್ತಾನೆ. ಕೂಡಿಟ್ಟ ದುಡ್ಡಿನಲ್ಲಿ ಸ್ಕೇಟ್ಸ್ ಕೊಳ್ಳುತ್ತಾನೆ, ಅದು ಕಳುವಾಗುತ್ತದೆ. ತನ್ನ ಬಾಯಿಂದ ಅಷ್ಟೆಲ್ಲ ಕೇಳಿಸಿಕೊಂಡ ಗಾಲಿಯಾಳೇ ಅದನ್ನು ವಾಪಸು ದೊರಕಿಸಿಕೊಡಲು ನೆರವಾಗುತ್ತಾಳೆ.

ಚಿತ್ರದ ಈ ಮೊದಲ ಭಾಗವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ವಿಮರ್ಶಕರು ಸಾಮಾನ್ಯವಾಗಿ ನೆನೆಯುವುದು ಕೊನೆಯ ಅರ್ಧ ಗಂಟೆಯ ಭೀಕರತೆಯನ್ನು. ಆದರೆ ಆ ಭೀಕರತೆ ಎಲ್ಲಿಂದ ಬಂತು ಎಂಬುದು ಈ ಮಾರುಕಟ್ಟೆಯಲ್ಲೇ ತಿಳಿಯುತ್ತದೆ. ಇಲ್ಲಿ ಎಲ್ಲಕ್ಕೂ ಬೆಲೆ ಇದೆ. ಚಹಾಕ್ಕೆ, ಬ್ರೆಡ್ಡಿಗೆ, ಸ್ಕೇಟ್ಸಿಗೆ ಇರುವಂತೆ ಹೆಣ್ಣಿನ ಮೈಗೂ ಬೆಲೆ ಇದೆ. ಬಂಧನದಲ್ಲಿರುವ ಒಬ್ಬ ಹುಡುಗಿ, ಗರ್ಭಿಣಿಯಾದರೆ ಬಿಡುಗಡೆ ಸಿಗುತ್ತದೆಂದು, ತನ್ನನ್ನು ಬಸಿರು ಮಾಡುವಂತೆ ಅಂಗಲಾಚುವ ದೃಶ್ಯವೊಂದು ಬರುತ್ತದೆ. ಕ್ಯಾಮೆರಾ ಅದನ್ನು ನೋಡುವುದು ಚಹಾದ ವ್ಯಾಪಾರವನ್ನು ನೋಡಿದಷ್ಟೇ ನಿರುದ್ವಿಗ್ನವಾಗಿ. ಹಿನ್ನೆಲೆ ಸಂಗೀತ ಬಂದು ನಮ್ಮ ಕರುಣೆಯನ್ನು ಕರೆಯುವುದಿಲ್ಲ. ಜೀವ ಉಳಿಸಿಕೊಳ್ಳಲು ಕೈಯಲ್ಲಿರುವುದನ್ನು ಕೊಡುವುದು ಆ ಊರಿನ ದಿನಚರಿ. ಈ ದಿನಚರಿಯಲ್ಲಿ ಲೆಕ್ಕಕ್ಕೆ ಸಿಗದ ಒಂದೇ ವಸ್ತು ಗಾಲಿಯಾಳ ನೆರವು. ಅವಳು ಅದನ್ನು ಒಳ್ಳೆಯತನವೆಂಬಂತೆ ಕೊಡುವುದೂ ಇಲ್ಲ. ಹಂಗಿಸುತ್ತ, ಮೂಗು ಮುರಿಯುತ್ತ, ‘ನಿನ್ನಂಥವನಿಗೆ ಇದೇ ಆಗಬೇಕಿತ್ತು’ ಎಂಬ ಮುಖದಲ್ಲಿ ಕೊಡುತ್ತಾಳೆ. ಹಾಗಾಗಿಯೇ ಅದು ನಂಬುವಂತಿದೆ.

ಊರಿನ ಅಂಚಿನಲ್ಲಿ ಇನ್ನೊಬ್ಬನಿದ್ದಾನೆ. ಹಿಂದೆ ದೊಡ್ಡ ವಿದ್ವಾಂಸನಾಗಿದ್ದ, ಈಗ ಬುದ್ಧಿ ಕೆಟ್ಟವನು. ಸಿಕ್ಕ ಹಿಟ್ಟನ್ನು ಕೆಸರಿನಲ್ಲಿ ಕಲಸಿಕೊಂಡು ತಿನ್ನುತ್ತಾನೆ. ಅವನು ಇಲ್ಲಿಗೆ ಹೇಗೆ ಬಂದನೆಂಬುದನ್ನು ಹೇಳಲು ಚಿತ್ರ ನಿಲ್ಲುವುದಿಲ್ಲ. ಕವಿ ಓಸಿಪ್ ಮಂದೆಲ್‌ಶ್ತಾಮ್ 1938ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ಇದೇ ಸೀಮೆಯಲ್ಲಿ, ವ್ಲಾದಿವೋಸ್ತೋಕ್ ಹತ್ತಿರದ ಸಾಗಣೆ ಶಿಬಿರದಲ್ಲಿ, ಎಂಬುದು ತಿಳಿದವರಿಗೆ ಈ ಹುಚ್ಚನ ಹಿಂದೆ ಒಂದು ಉದ್ದನೆಯ ಸಾಲು ಕಾಣುತ್ತದೆ. ತಿಳಿಯದವರಿಗೆ ಅವನು ಊರಿನ ಒಬ್ಬ ಹುಚ್ಚ ಮಾತ್ರ, ವಲೇರ್ಕಾನಿಗೂ ಅಷ್ಟೇ. ಮಗುವಿನ ಕಣ್ಣಿಂದ ಕತೆ ಹೇಳುವುದು ಎಂದರೆ ಏನು ಎಂಬುದಕ್ಕೆ ನನಗೆ ಇದು ಒಳ್ಳೆಯ ಉದಾಹರಣೆ. ಮುಗ್ಧತೆಯ ಹೆಸರಿನಲ್ಲಿ ಲೋಕವನ್ನು ಸಿಹಿಯಾಗಿಸುವ ಬಾಲ್ಯಕಥನಗಳು ನಮ್ಮಲ್ಲೂ ಬೇಕಾದಷ್ಟಿವೆ. ಅಲ್ಲಿ ಮಗು ಕಾಣದ್ದನ್ನು ಲೇಖಕನೂ ಮುಚ್ಚಿಡುತ್ತಾನೆ. ಕನೆವ್ಸ್ಕಿ ಮುಚ್ಚಿಡುವುದಿಲ್ಲ. ಹುಡುಗ ಗಮನಿಸದೆ ದಾಟಿಹೋದದ್ದನ್ನೂ ಚೌಕಟ್ಟಿನಲ್ಲಿ ಉಳಿಸಿ, ಅರ್ಥ ಮಾಡಿಕೊಳ್ಳುವ ಭಾರವನ್ನು ನಮ್ಮ ಮೇಲೆ ಹಾಕುತ್ತಾನೆ.

ವಲೇರ್ಕಾನ ತುಂಟತನ ಮೆಲ್ಲಗೆ ಬೇರೆಯೇ ಏನೋ ಆಗುತ್ತ ಹೋಗುವುದು ಕತೆಯ ಮುಂದಿನ ಹಂತ. ಶಾಲೆಯ ಶೌಚದ ಗುಂಡಿಗೆ ಅವನು ಯೀಸ್ಟ್ ಸುರಿಯುತ್ತಾನೆ, ಹೊಲಸು ಉಬ್ಬಿ ಉಕ್ಕಿ ಹೊರಗೆ ಹರಿಯುತ್ತದೆ. ನಗು ಬರುವ ದೃಶ್ಯವೇ. ಘೋಷಣೆ, ಕವಾಯತು, ಶಿಸ್ತಿನ ಆ ಶಾಲೆ ತನ್ನದೇ ಹೊಲಸನ್ನು ತುಳಿಯಬೇಕಾಗಿ ಬಂದದ್ದರಲ್ಲಿ ಒಂದು ನ್ಯಾಯವೂ ಇದೆ. ಆದರೆ ಅದಕ್ಕಾಗಿ ಹುಡುಗ ಶಾಲೆ ಬಿಡಬೇಕಾಗುತ್ತದೆ. ಆಮೇಲೆ ರೈಲು ಹಳಿಯ ಪಥ ಬದಲಿಸುವ ಸನ್ನೆಯನ್ನು ತಿರುಗಿಸುತ್ತಾನೆ, ರೈಲು ಹಳಿ ತಪ್ಪುತ್ತದೆ. ಗುಂಡಿಗೆ ಯೀಸ್ಟ್ ಸುರಿದ ಕೈಯೂ ಸನ್ನೆ ತಿರುಗಿಸಿದ ಕೈಯೂ ಒಂದೇ, ಮನಸ್ಸೂ ಒಂದೇ. ಎರಡರ ನಡುವಿನ ವ್ಯತ್ಯಾಸವನ್ನು ಹೇಳಿಕೊಡಬಲ್ಲ ದೊಡ್ಡವರೊಬ್ಬರೂ ಅವನ ಸುತ್ತ ಇಲ್ಲ. ಇರುವವರಿಗೆ ಗೊತ್ತಿರುವುದು ಬಯ್ಯುವುದು, ಹೊಡೆಯುವುದು, ಹೊರಗೆ ಹಾಕುವುದು, ಹಿಡಿದುಕೊಡುವುದು. ಹೆದರಿದ ವಲೇರ್ಕಾ ಊರು ಬಿಟ್ಟು ವ್ಲಾದಿವೋಸ್ತೋಕ್‌ಗೆ ಓಡುತ್ತಾನೆ, ಅಲ್ಲಿ ಕಳ್ಳರ ಗುಂಪಿನ ಕೈಗೆ ಸಿಗುತ್ತಾನೆ.

ಇಲ್ಲಿ ನನಗೆ ಇನ್ನೊಂದು ಸೋವಿಯತ್ ಚಿತ್ರದ ನೆನಪಾಗುತ್ತದೆ. ನಿಕೊಲಾಯ್ ಎಕ್ 1931ರಲ್ಲಿ ತೆಗೆದ ‘ಬದುಕಿಗೊಂದು ರಹದಾರಿ’ ಆ ದೇಶದ ಮೊದಲ ಮಾತಿನ ಕಥಾಚಿತ್ರಗಳಲ್ಲಿ ಒಂದು. ಅಂತರ್ಯುದ್ಧದ ನಂತರ ಬೀದಿಪಾಲಾದ ಹುಡುಗರನ್ನು ಒಂದು ದುಡಿಮೆಯ ಕಮ್ಯೂನಿಗೆ ಸೇರಿಸಿ ಮನುಷ್ಯರನ್ನಾಗಿಸುವ ಕತೆ. ಆ ಹುಡುಗರು ಒಂದು ರೈಲು ಮಾರ್ಗ ಕಟ್ಟುತ್ತಾರೆ. ಅವರ ಮುಂದಾಳು ಮುಸ್ತಾಫಾನನ್ನು ಹಳೆಯ ಕಳ್ಳರ ನಾಯಕ ಅದೇ ಹಳಿಯ ಮೇಲೆ ಕೊಲ್ಲುತ್ತಾನೆ. ಹೊಸ ಮಾರ್ಗದ ಮೊದಲ ರೈಲು ಮುಸ್ತಾಫಾನ ಶವವನ್ನು ಹೊತ್ತು ಬರುತ್ತದೆ. ಸಾವು ಅಲ್ಲಿ ಹುತಾತ್ಮನ ಸಾವು. ರೈಲು ಹೇಗಿದ್ದರೂ ಮುಂದಕ್ಕೇ ಓಡುತ್ತದೆ.

ಕನೆವ್ಸ್ಕಿ ಈ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನೋ ಇಲ್ಲವೋ, ಅವನ ಕತೆಯಲ್ಲಿ ಅದೇ ಸಾಮಗ್ರಿ ತಲೆಕೆಳಗಾಗಿ ನಿಂತಿದೆ. ಬೀದಿಯ ಹುಡುಗ, ಕಳ್ಳರ ಗುಂಪು, ರೈಲು ಹಳಿ, ಹಳಿಯ ಮೇಲಿನ ಸಾವು ಎಲ್ಲವೂ ಇವೆ. ಆದರೆ ಇಲ್ಲಿ ಹಳಿ ಕೆಡಿಸುವವನು ಹುಡುಗನೇ. ಎತ್ತಿಕೊಳ್ಳಬೇಕಾದ ಶಾಲೆ ಹೊರಗೆ ತಳ್ಳುತ್ತದೆ, ಕೆಲಸ ಕೊಡುವವರು ಕಳ್ಳರು ಮಾತ್ರ. ಸಾಯುವವಳು ಯಾವ ಮಾರ್ಗವನ್ನೂ ಕಟ್ಟಿದವಳಲ್ಲ, ಒಬ್ಬನನ್ನು ಮನೆಗೆ ಕರೆದೊಯ್ಯಲು ಬಂದವಳು. ಎಕ್‌ನ ಚಿತ್ರದ ಬಗ್ಗೆ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಮುಸ್ತಾಫಾನ ಪಾತ್ರ ಮಾಡಿದವನು ಮಾರಿ ಜನಾಂಗದ ಕವಿ ಯಿವಾನ್ ಕಿರ್ಲ್ಯಾ. 1937ರಲ್ಲಿ ಅವನನ್ನು ಬಂಧಿಸಿದರು. 1943ರಲ್ಲಿ ಶಿಬಿರದಲ್ಲಿ ಸತ್ತ. ಬೀದಿಮಕ್ಕಳನ್ನು ರಾಷ್ಟ್ರ ಎತ್ತಿಕೊಂಡಿತೆಂದು ಲೋಕಕ್ಕೆ ತೋರಿಸಿದ ಮುಖವೂ ಕೊನೆಗೆ ಸೇರಿದ್ದು ಸುಚಾನಿನ ಬೇಲಿಗಳಂಥದ್ದೇ ಒಂದು ಬೇಲಿಯೊಳಗೆ.

ಎಂಬತ್ತರ ದಶಕದ ಕೊನೆಯಲ್ಲಿ ಸೋವಿಯತ್ ತೆರೆ ಕತ್ತಲಿನ ಚಿತ್ರಗಳಿಂದ ತುಂಬಿಹೋಗಿತ್ತು. ಕುಡಿತ, ಹೊಡೆತ, ಹಾದರ, ಕೊಳಕು ಅಡುಗೆಮನೆ ಇವುಗಳಿಗೆ ‘ಚೆರ್ನೂಖಾ’ ಎಂಬ ಹೆಸರೇ ಹುಟ್ಟಿಕೊಂಡಿತು. ಇಷ್ಟು ಕಾಲ ತೋರಿಸಬಾರದಾಗಿದ್ದದ್ದನ್ನು ಒಮ್ಮೆಗೇ ತೋರಿಸುವ ಹಸಿವು ಅದು. ಕನೆವ್ಸ್ಕಿಯ ಚಿತ್ರವನ್ನೂ ಆ ಸಾಲಿಗೆ ಸೇರಿಸಿ ಕೈತೊಳೆದುಕೊಂಡವರಿದ್ದಾರೆ. ನಾನು ಒಪ್ಪುವುದಿಲ್ಲ. ಚೆರ್ನೂಖಾ ಚಿತ್ರಗಳಲ್ಲಿ ಕತ್ತಲೆಯೇ ವಾದ. ನೋಡಿ ಎಷ್ಟು ಕತ್ತಲೆ ಎಂದು ತೋರಿಸಿದರೆ ಕೆಲಸ ಮುಗಿಯಿತು. ಇಲ್ಲಿ ಕತ್ತಲೆಯ ಬಗ್ಗೆ ಯಾರಿಗೂ ಬೆರಗಿಲ್ಲ. ಬೆರಗಿರುವುದು ಆ ಇಬ್ಬರು ಮಕ್ಕಳ ಜಗಳ, ಚೌಕಾಸಿ, ಓಟ, ಸುಳ್ಳುಗಳಲ್ಲಿ. ಕಪ್ಪು ಬಿಳುಪಿನ ಆ ಚಿತ್ರದ ತುಂಬ ಹಾಡುಗಳಿವೆ. ಕೈದಿಗಳ ಹಾಡು, ಸರ್ಕಾರದ ಹಾಡು, ಜಪಾನಿ ಭಾಷೆಯ ಹಾಡು ಒಂದರ ಮೇಲೊಂದು ಬೀಳುತ್ತವೆ. ಯಾವುದೂ ಪೂರ್ತಿ ಕೇಳುವುದಿಲ್ಲ. ತನ್ನ ಬಾಲ್ಯ ಅವನಿಗೆ ನೆನಪಾಗಿರುವುದು ಬಹುಶಃ ಹೀಗೆಯೇ, ಮೊದಲು ಸದ್ದಾಗಿ.

ಇಷ್ಟು ಹೇಳಿಯೂ ನನ್ನದೊಂದು ತಕರಾರು ಉಳಿಯುತ್ತದೆ. ಅದು ಗಾಲಿಯಾಳ ಕುರಿತದ್ದು. ಕತೆಯನ್ನು ಎರಡು ಸಾಲಿನಲ್ಲಿ ಬರೆದರೆ ಅವಳ ಪಾಲಿಗೆ ಬರುವುದು ಹಳೆಯ ಪಾತ್ರವೇ. ಹುಡುಗ ಕೆಡುತ್ತಾನೆ, ಹುಡುಗಿ ಕಾಪಾಡುತ್ತಾಳೆ. ಹುಡುಗ ಬದುಕಿ ಮುಂದೆ ಕಲಾವಿದನಾಗುತ್ತಾನೆ, ಹುಡುಗಿ ಸತ್ತು ಅವನ ನೆನಪಾಗುತ್ತಾಳೆ. ಗಾಲಿಯಾ ಮನೆಯಲ್ಲಿ ಏನು ಉಣ್ಣುತ್ತಾಳೆ, ಚಹಾ ಮಾರಿದ ದುಡ್ಡಿನಲ್ಲಿ ಏನು ಕೊಳ್ಳಬೇಕೆಂದಿದ್ದಳು, ಅವನಿಲ್ಲದಾಗ ಅವಳ ದಿನ ಹೇಗಿರುತ್ತದೆ ಎಂಬುದರತ್ತ ಚಿತ್ರ ಅಷ್ಟಾಗಿ ತಿರುಗುವುದಿಲ್ಲ. ಅವನಿಗೆ ಸ್ಕೇಟ್ಸಿನ ಆಸೆ ಇದೆ. ಅವಳ ಆಸೆ ಏನು? ಆ ಊರಿನ ಇತಿಹಾಸದ ನೋವೆಲ್ಲ ಹೆಂಗಸರ ಮೈಮೇಲೆ ಬರೆದಂತಿದೆ. ಬಸಿರಿಗಾಗಿ ಬೇಡುವ ಹುಡುಗಿ, ಗಂಡಸರನ್ನು ಕರೆಯುವ ತಾಯಿ, ಕೊನೆಗೆ ಹುಚ್ಚು ಹಿಡಿಯುವ ಇನ್ನೊಬ್ಬ ತಾಯಿ, ಇವರೆಲ್ಲ ನೋಡಲ್ಪಡುತ್ತಾರೆ. ನೋಡುವ ಹಕ್ಕು ಹುಡುಗನದು.

ಈ ತಕರಾರಿಗೆ ಉತ್ತರವಾಗಿ ನಿಲ್ಲುವುದು ಚಿತ್ರಕಥೆಯಲ್ಲ, ದಿನಾರಾ ದ್ರುಕಾರೊವಾಳ ನಟನೆ. ಲೆನಿನ್‌ಗ್ರಾದಿನ ಈ ಹುಡುಗಿಗೆ ಆಗ ಹದಿಮೂರರ ಆಸುಪಾಸು. ಅವಳ ಗಾಲಿಯಾಳಲ್ಲಿ ದೇವತೆಯ ಲಕ್ಷಣ ಒಂದೂ ಇಲ್ಲ. ಲೆಕ್ಕಾಚಾರ ಬಲ್ಲವಳು, ಮಾತಿಗೆ ಮಾತು ಕೊಡುವವಳು, ಸುಳ್ಳು ಹೇಳಬೇಕಾದಲ್ಲಿ ಮುಖ ಬದಲಾಯಿಸದೆ ಹೇಳುವವಳು. ವ್ಲಾದಿವೋಸ್ತೋಕ್‌ನಲ್ಲಿ ವಲೇರ್ಕಾನನ್ನು ಹುಡುಕಿ ತೆಗೆದಾಗ ಅವಳ ಮುಖದಲ್ಲಿ ಕರುಣೆಗಿಂತ ಹೆಚ್ಚಾಗಿ ಕಾಣುವುದು ‘ಇವನಿಗೆ ಬುದ್ಧಿ ಯಾವಾಗ ಬರುತ್ತದೋ’ ಎಂಬ ಬೇಸರ. ಅವನಿಗಿಂತ ಅವಳು ಲೋಕವನ್ನು ಚೆನ್ನಾಗಿ ಅರಿತಿದ್ದಾಳೆ, ಅರಿತೂ ಬಂದಿದ್ದಾಳೆ. ಚಿತ್ರಕಥೆ ಅವಳಿಗೆ ಕೊಡದ ಒಂದು ಆಯ್ಕೆಯನ್ನು ಈ ನಟಿ ತಾನಾಗಿ ಪಾತ್ರಕ್ಕೆ ತಂದುಕೊಟ್ಟಿದ್ದಾಳೆ. ಇಬ್ಬರೂ ಹಳಿಯ ಗುಂಟ ಊರಿಗೆ ಮರಳುವ ದಾರಿಯಲ್ಲಿ, ಕೆಲವು ನಿಮಿಷ ಮಾತ್ರ, ಅವರು ಬರಿಯ ಮಕ್ಕಳಾಗುತ್ತಾರೆ. ಇಡೀ ಚಿತ್ರದಲ್ಲಿ ಯಾವುದನ್ನೂ ಮಾರಬೇಕಿಲ್ಲದ, ಯಾರಿಗೂ ಹೆದರಬೇಕಿಲ್ಲದ ಹೊತ್ತು ಅದೊಂದೇ. ಬಾಯಿಬಿಟ್ಟಾನೆಂಬ ಭಯಕ್ಕೆ ಕಳ್ಳರು ಬೆನ್ನು ಹತ್ತಿದ್ದಾರೆ. ಗಾಲಿಯಾ ಸಾಯುತ್ತಾಳೆ, ಗಾಯಗೊಂಡ ವಲೇರ್ಕಾ ಉಳಿಯುತ್ತಾನೆ.

ಕೊನೆಯಲ್ಲಿ ಗಾಲಿಯಾಳ ದೇಹ ಊರಿಗೆ ಬರುತ್ತದೆ. ಅವಳ ತಾಯಿ ಮೈಮೇಲಿನ ಬಟ್ಟೆ ಕಿತ್ತೆಸೆದು, ಪೊರಕೆಯ ಮೇಲೆ ಸವಾರಿ ಹೊರಟವಳಂತೆ ಅಂಗಳದಲ್ಲಿ ಸುತ್ತುತ್ತಾಳೆ. ಆಗ ಚೌಕಟ್ಟಿನ ಹೊರಗಿನಿಂದ ನಿರ್ದೇಶಕನ ದನಿ ಕೇಳುತ್ತದೆ: ಮಕ್ಕಳನ್ನು ಬಿಡು, ಆ ಹೆಂಗಸನ್ನು ಹಿಂಬಾಲಿಸು. ಚಿತ್ರ ಶುರುವಾಗುವಾಗಲೂ ಇದೇ ದನಿ ಕೆಲಸಕ್ಕೆ ಸಿದ್ಧವೇ ಎಂದು ಕೇಳಿತ್ತು, ನಾವು ಅದನ್ನು ಮರೆತಿದ್ದೆವು. ಇದೆಲ್ಲ ಸಿನಿಮಾ ಎಂದು ನೆನಪಿಸುವ ಆಧುನಿಕ ತಂತ್ರವೆಂದು ಇದನ್ನು ಓದುವುದು ಸುಲಭ. ನನಗೆ ಹಾಗೆ ಕೇಳಿಸುವುದಿಲ್ಲ. ತನ್ನ ಊರನ್ನು, ತನ್ನ ವಠಾರವನ್ನು, ತನ್ನ ವಯಸ್ಸಿನ ಹುಡುಗಿಯ ಸಾವನ್ನು ನಲವತ್ತು ವರ್ಷದ ನಂತರ ಮತ್ತೆ ಕಟ್ಟಿ ನಿಲ್ಲಿಸಿದ ಒಬ್ಬ ಮನುಷ್ಯ, ಅದನ್ನು ನೋಡಲಾರದೆ ಕ್ಯಾಮೆರಾವನ್ನು ಬೇರೆ ಕಡೆಗೆ ಕಳಿಸುತ್ತಿರುವಂತೆ ಕೇಳಿಸುತ್ತದೆ. ಕಳಿಸುವುದಾದರೂ ಎಲ್ಲಿಗೆ? ಇನ್ನೂ ಹೆಚ್ಚಿನ ನೋವಿನ ಕಡೆಗೆ. ಅಲ್ಲಿ ಕರುಣೆಯೂ ಇದೆ, ಕ್ರೌರ್ಯವೂ ಇದೆ. ‘ಮಕ್ಕಳನ್ನು ಬಿಡು’ ಎಂಬ ಮಾತಿಗೆ ಎರಡು ಅರ್ಥ: ಅವರನ್ನು ಅವರ ಪಾಡಿಗೆ ಬಿಟ್ಟುಬಿಡು, ಅವರನ್ನು ಕೈಬಿಡು.

ಎರಡನೆಯ ಅರ್ಥ ನನ್ನ ಕಲ್ಪನೆಯಲ್ಲ. ವಲೇರ್ಕಾನಾಗಿ ನಟಿಸಿದ ಪಾವೆಲ್ ನಜಾರೊವ್ ನಟನಾಗಿ ಬೆಳೆದವನಲ್ಲ, ಬೀದಿಯಿಂದ ಬಂದವನು. ಪಾತ್ರದ ಒರಟುತನವೂ ಚುರುಕೂ ಅವನವೇ. 1992ರಲ್ಲಿ ಕನೆವ್ಸ್ಕಿ ಮುಂದಿನ ಭಾಗವಾಗಿ ‘ಸ್ವತಂತ್ರ ಬದುಕು’ ಚಿತ್ರ ಮಾಡಿದಾಗಲೂ ಅವನೇ ನಾಯಕ. ದ್ರುಕಾರೊವಾ ಅಲ್ಲಿ ಗಾಲಿಯಾಳ ತಂಗಿಯಾಗಿ ಮರಳಿದಳು. ಕಾನ್‌ನಲ್ಲಿ ಆ ಚಿತ್ರಕ್ಕೆ ತೀರ್ಪುಗಾರರ ಬಹುಮಾನ ಬಂತು, ಸ್ಪೇನಿನ ವಿಕ್ತೋರ್ ಎರಿಸೆಯ ಚಿತ್ರದ ಜೊತೆ ಹಂಚಿಕೆಯಾಗಿ. ಆಮೇಲೆ ಕನೆವ್ಸ್ಕಿ ‘ನಾವು, ಇಪ್ಪತ್ತನೆಯ ಶತಮಾನದ ಮಕ್ಕಳು’ ಎಂಬ ಸಾಕ್ಷ್ಯಚಿತ್ರ ತೆಗೆದ. ಸೋವಿಯತ್ ಒಕ್ಕೂಟ ಒಡೆದುಹೋದ ಮೇಲೆ ಪೀಟರ್ಸ್‌ಬರ್ಗಿನ ಬೀದಿಗಳಲ್ಲೂ ಸೆರೆಮನೆಗಳಲ್ಲೂ ಇರುವ ಹುಡುಗ ಹುಡುಗಿಯರ ಜೊತೆ ಅವನು ಕೂತು ಮಾತಾಡುತ್ತಾನೆ. ಅಲ್ಲಿ ಸೆರೆಮನೆಯಲ್ಲಿ ಎದುರಾಗುವವರಲ್ಲಿ ಒಬ್ಬ ಪಾವೆಲ್ ನಜಾರೊವ್. ದ್ರುಕಾರೊವಾ ಕೂಡ ಅವನನ್ನು ನೋಡಲು ಬರುತ್ತಾಳೆ. ತೆರೆಯ ಮೇಲೆ ಗಾಲಿಯಾ ವಲೇರ್ಕಾನನ್ನು ಹುಡುಕಿಕೊಂಡು ಹೋದಂತೆಯೇ, ಆದರೆ ಈ ಸಲ ಕರೆದುಕೊಂಡು ಹೊರಡುವ ದಾರಿಯಿಲ್ಲ. ಅವಳು ಮುಂದೆ ಫ್ರಾನ್ಸಿಗೆ ಹೋಗಿ ಹೆಸರಾಂತ ನಟಿಯಾದಳು, 2022ರಲ್ಲಿ ತಾನೇ ಒಂದು ಚಿತ್ರವನ್ನು ನಿರ್ದೇಶಿಸಿದಳು. ಕತೆಯಲ್ಲಿ ಸತ್ತವಳು ಬದುಕಿನಲ್ಲಿ ಪಾರಾದಳು, ಕತೆಯಲ್ಲಿ ಬದುಕಿದವನು ಜೈಲಿಗೆ ಬಿದ್ದ.

ಇದಕ್ಕೆ ಕನೆವ್ಸ್ಕಿಯನ್ನು ದೂರಬೇಕೇ? ಬೀದಿಯ ಹುಡುಗನೊಬ್ಬನ ಮುಖವನ್ನು ಎರವಲು ಪಡೆದು ತನ್ನ ಬಾಲ್ಯ ಹೇಳಿಕೊಂಡ ನಿರ್ದೇಶಕನಿಗೆ ಆ ಹುಡುಗನ ಮುಂದಿನ ಬದುಕಿನ ಹೊಣೆ ಎಷ್ಟು? ಈ ಪ್ರಶ್ನೆ ನವವಾಸ್ತವವಾದದಿಂದ ಹಿಡಿದು ಬೀದಿಮಕ್ಕಳನ್ನು ತೆರೆಗೆ ತಂದ ಎಲ್ಲ ಸಿನಿಮಾಗಳಿಗೂ ಅಂಟಿಕೊಂಡಿದೆ, ಉತ್ತರ ಯಾರ ಬಳಿಯೂ ಇಲ್ಲ. ಕನೆವ್ಸ್ಕಿಯ ಪರವಾಗಿ ಒಂದು ಮಾತನ್ನು ಹೇಳಬಹುದು. ಅವನು ಮರಳಿ ಹೋದ, ಕಂಡದ್ದನ್ನು ಮರೆಮಾಚದೆ ತೋರಿಸಿದ. ಆದರೆ ಅವನ ಕೈಯಲ್ಲಿ ಆಗಲೂ ಇದ್ದದ್ದು ಕ್ಯಾಮೆರಾ. ಎಂಟು ವರ್ಷ ಜೈಲು ಕಂಡವನಿಗೆ ಆ ಹುಡುಗನ ಮುಂದೆ ಕೂತಾಗ ಏನನಿಸಿತೆಂದು ಊಹಿಸುವುದು ಕಷ್ಟವಲ್ಲ. ಆ ಊಹೆಯಿಂದ ಹುಡುಗನಿಗೆ ಏನೂ ಸಿಗುವುದಿಲ್ಲ ಎಂಬುದೂ ನಿಜ.

1947ರ ಸುಚಾನ್ ಮತ್ತು ತೊಂಬತ್ತರ ದಶಕದ ಪೀಟರ್ಸ್‌ಬರ್ಗ್, ಈ ಎರಡರ ನಡುವೆ ಒಂದು ಸಾಮ್ರಾಜ್ಯ ಗೆದ್ದು, ಬೆಳೆದು, ಬಿದ್ದುಹೋಗಿದೆ. ಮಕ್ಕಳು ನಿಂತಿರುವ ಜಾಗ ಮಾತ್ರ ಬದಲಾಗಿಲ್ಲ. ಸ್ಟಾಲಿನ್ ಕಾಲದ ಕತೆಯೆಂದು, ಮುಗಿದುಹೋದ ಒಂದು ಅನ್ಯಾಯದ ಸಾಕ್ಷಿಯೆಂದು ಈ ಚಿತ್ರವನ್ನು ನೋಡಿ ಎದ್ದುಬರಲು ಆಗದಿರುವುದು ಇದರಿಂದಲೇ. ಆಟದ ಮೂರನೆಯ ಕೂಗನ್ನು ಕೂಗಬೇಕಾದವರು ದೊಡ್ಡವರು: ತಾಯಿ, ಮೇಷ್ಟರು, ಊರು, ರಾಷ್ಟ್ರ, ಕೊನೆಗೆ ಕಲಾವಿದ. ಚಿತ್ರದಲ್ಲಿ ಒಬ್ಬೊಬ್ಬರೂ ಬಾಯಿ ಕಟ್ಟಿದವರಂತೆ ನಿಲ್ಲುತ್ತಾರೆ. ಕೂಗಲು ಪ್ರಯತ್ನಿಸಿದವಳು ಹದಿಮೂರರ ಆಸುಪಾಸಿನ ಒಬ್ಬ ಚಹಾ ಮಾರುವ ಹುಡುಗಿ. ಅವಳಿಂದ ಆಗಬಾರದ ಕೆಲಸ ಅದು, ಅವಳು ಮಾಡಬೇಕಾಗಿ ಬರಬಾರದಾಗಿದ್ದ ಕೆಲಸ.